ಸ್ಕೋರಾ ದೀಪದ ಮೆರನ್

ಆರ್ಕ್ನಿ ದ್ವೀಪಗಳ ಉತ್ತರದ ಅಂಚಿನಲ್ಲಿರುವ ಸ್ಕೋರಾ ಎಂಬ ಕುದುರಿನಲ್ಲಿ, ಆ ಪುಟ್ಟ ನಡುಗಡ್ಡೆಯಲ್ಲಿ, ಮೆರನ್ ರೆಂಡಲ್‌ಳ ಕುರಿಗಳು ಮೇಯುತ್ತಿದ್ದವು. ಅಲ್ಲಿದ್ದ ದೀಪಸ್ತಂಭ ಸರ್ಕಾರದ್ದು. ಆದರೆ ಅವಳು ಅದರ ಬಗ್ಗೆ ಮಾತಾಡುವುದನ್ನು ಕೇಳಿದರೆ ಅದೂ ಅವಳ ಹಟ್ಟಿಯದೇ ಎನ್ನಿಸುತ್ತಿತ್ತು.

ಕಾವಲುಗಾರರು ದೀಪಸ್ತಂಭ ಬಿಟ್ಟು ಹೋದ ಮೇಲೆ ಅವಳ ಅಣ್ಣ ಮ್ಯಾನ್ಸಿಯೇ ತಿಂಗಳಿಗೊಮ್ಮೆ ಎದುರಿನ ದ್ವೀಪದ ಮನೆಯಿಂದ ದೋಣಿಯಲ್ಲಿ ಹೋಗಿ, ಡೀಸೆಲ್ ಡಬ್ಬಗಳನ್ನು ಹೆಗಲ ಮೇಲೆ ಹೊತ್ತು ದಡದಿಂದ ಗೋಪುರದವರೆಗಿನ ತೊಂಬತ್ತು ಕಲ್ಲುಮೆಟ್ಟಿಲು ಹತ್ತುತ್ತಿದ್ದ. ಹದಿನೆಂಟು ವರ್ಷ ಹೊತ್ತ ಮೇಲೆ ಹೆಗಲು ಸೋತಿತು. ಅದೇ ಹೊತ್ತಿಗೆ ದೀಪಸ್ತಂಭ ಇಲಾಖೆಯವರು ದೀಪ ನಡೆಸುವ ಡೀಸೆಲ್ ಎಂಜಿನ್ ಕಿತ್ತು, ಗೋಪುರದ ಬುಡದಲ್ಲಿ ಸೌರಫಲಕಗಳನ್ನು ಕೂರಿಸಿದರು. ಅವನ್ನು ಒರೆಸಿ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಣ್ಣನಿಗೆ ಹೇಳದೆ ಮೆರನ್ ಅರ್ಜಿ ಹಾಕಿದಳು. ಆಗ ಅವಳಿಗೆ ಐವತ್ಮೂರು.

ಮ್ಯಾನ್ಸಿ ಕೋಪ ಮಾಡಿಕೊಳ್ಳಲಿಲ್ಲ, ನಕ್ಕ. “ಈ ಊರಲ್ಲಿ ಸೂರ್ಯನೇ ಅಪರೂಪದ ನೆಂಟ. ಅವನನ್ನ ನಂಬ್ಕೊಂಡು ದೀಪ ಹಚ್ತಾರಂತೆ, ನೀನು ಹೋಗಿ ಉಪಚಾರ ಮಾಡು,” ಎಂದ.

ಎರಡು ವರ್ಷ ಎಲ್ಲವೂ ನೆಟ್ಟಗೆ ನಡೆಯಿತು. ತೊಂದರೆ ಕೊಟ್ಟದ್ದು ಕಡಲಹಕ್ಕಿಗಳು ಮಾತ್ರ. ಓರೆಯಾಗಿ ಒರಗಿಸಿದ ಫಲಕಗಳ ಮೇಲೆ ಸಾಲಾಗಿ ಕೂತು ಹಿಕ್ಕೆ ಹಾಕುತ್ತಿದ್ದವು. ಮೆರನ್ ಮನೆಯಿಂದಲೇ ಸಿಹಿನೀರು ಒಯ್ದು ತೊಳೆಯುತ್ತಿದ್ದಳು, ಪ್ರತಿಯೊಂದು ಹಕ್ಕಿಯನ್ನೂ ಗುರುತು ಹಿಡಿದು ಬೈಯುತ್ತಿದ್ದಳು.

ಮೂರನೆಯ ವರ್ಷದ ಜನವರಿಯಲ್ಲಿ ಒಂಬತ್ತು ದಿನ ಬಿಡದೆ ಬಿರುಗಾಳಿ ಬೀಸಿತು. ಇಲಾಖೆಯ ಎಂಜಿನಿಯರ್ ಐನ್ಸ್ಲಿ ಫೋನ್ ಮಾಡಿ, ಬ್ಯಾಟರಿ ಇಳಿಯುತ್ತಿದೆ, ಇನ್ನೆರಡು ದಿನಕ್ಕೆ ದೀಪ ಆರುತ್ತದೆ, ಈ ಗಾಳಿಗೆ ಹೆಲಿಕಾಪ್ಟರ್ ಏಳುತ್ತಿಲ್ಲ ಎಂದು ಹೇಳಿದ. ಹತ್ತನೆಯ ದಿನ ಬೆಳಿಗ್ಗೆ ಗಾಳಿ ಕೊಂಚ ತಗ್ಗಿತು. ಮೆರನ್ ನೀರಿನ ಕ್ಯಾನುಗಳನ್ನು ತುಂಬಿಕೊಂಡು ದಡಕ್ಕೆ ಬಂದರೆ ಮ್ಯಾನ್ಸಿ ಆಗಲೇ ದೋಣಿ ಬಿಚ್ಚುತ್ತಿದ್ದ.

“ನಿನ್ನ ನೆಂಟ ಹಾಸಿಗೆ ಹಿಡಿದಿದಾನಂತಲ್ಲ,” ಎಂದ. “ಹತ್ತು, ನೋಡ್ಕೊಂಡು ಬರೋಣ.”

ಫಲಕಗಳ ಮೇಲೆ ಉಪ್ಪು ಬೆರಳು ದಪ್ಪಕ್ಕೆ ಹೆಪ್ಪುಗಟ್ಟಿತ್ತು. ಅವಳು ನಾಲ್ಕು ಬಾರಿ ಮೆಟ್ಟಿಲು ಹತ್ತಿಳಿದು ದೋಣಿಯಿಂದ ನೀರು ತಂದು ಉಜ್ಜಿದಳು. ಮಧ್ಯಾಹ್ನದ ಹೊತ್ತಿಗೆ ಮೋಡ ಸರಿದು ಸೂರ್ಯ ಕಾಣಿಸಿಕೊಂಡ. ನೆತ್ತಿಗಲ್ಲ, ಕಡಲಿನಿಂದ ನಾಲ್ಕು ಬೆರಳು ಮೇಲಕ್ಕೆ. ದಣಿದು ಗೋಪುರಕ್ಕೆ ಒರಗಿದಾಗ ಬೆನ್ನಿಗೆ ಬಿಸಿ ತಾಗಿತು. ತಿರುಗಿ ನೋಡಿದಳು. ಗೋಡೆಯ ಮೇಲೆ ಬೆಳಕು ಇಡಿಯಾಗಿ ಬಿದ್ದಿತ್ತು. ಫಲಕಗಳ ಮೇಲಾದರೋ ಬರಿದೆ ಸವರಿಕೊಂಡು ಹೋಗುತ್ತಿತ್ತು. ಗೋಡೆಯ ಮೇಲೆ ಒಂದು ಹಿಕ್ಕೆಯ ಗುರುತೂ ಇರಲಿಲ್ಲ.

ಬ್ಯಾಟರಿ ಮೆಲ್ಲಗೆ ಚೇತರಿಸಿಕೊಂಡಿತು, ದೀಪ ಆರಲಿಲ್ಲ. ಐನ್ಸ್ಲಿ ಕೃತಜ್ಞತೆ ಹೇಳಲು ಫೋನ್ ಮಾಡಿದಾಗ ಮೆರನ್ ಅವನನ್ನು ಮಧ್ಯದಲ್ಲೇ ತಡೆದಳು.

“ಅದಿರಲಿ ಬಿಡಪ್ಪ. ಆ ಫಲಕಗಳನ್ನ ಯಾಕೆ ಮಲಗಿಸಿದೀರಿ? ಬೇಸಿಗೇಲಿ ಬೆಳಕು ಬೇಡ ಅಂದ್ರೂ ಸುರಿಯುತ್ತೆ. ಕಷ್ಟ ಇರೋದು ಚಳಿಗಾಲಕ್ಕೆ. ಆಗ ಸೂರ್ಯ ಮಾಡಿನಿಂದ ಇಳಿಯಲ್ಲ, ಬಾಗಿಲಿಂದ ಬರ್ತಾನೆ. ಗೋಡೆ ಹಾಗೆ ನೆಟ್ಟಗೆ ನಿಲ್ಸಿ. ಹಕ್ಕಿಗೂ ಕೂರೋಕೆ ಜಾಗ ಇರಲ್ಲ.”

ಐನ್ಸ್ಲಿ, ಲೆಕ್ಕ ಹಾಕಿ ನೋಡುತ್ತೇನೆ ಎಂದ. ಹಾಕಿದ. ಅವಳ ಮಾತೇ ನಿಜವಾಯಿತು. ಮೇ ತಿಂಗಳಲ್ಲಿ ಅವನೇ ಹೊಸ ಚೌಕಟ್ಟು ತಂದ. ಸೋತ ಹೆಗಲಿನ ಮ್ಯಾನ್ಸಿ, ಯಾರೂ ಕೇಳದಿದ್ದರೂ, ಬೋಲ್ಟು ಬಿಗಿಯುವವರೆಗೆ ಫಲಕ ಹಿಡಿದು ನಿಂತ.

ಮರುವರ್ಷದ ಬಿರುಗಾಳಿಗೆ ಸ್ಕೋರಾ ದೀಪ ಕಣ್ಣು ಪಿಳುಕಿಸಲಿಲ್ಲ. ಚಳಿ ಕಳೆದ ಮೇಲೆ ಐನ್ಸ್ಲಿ ಇನ್ನೆರಡು ಕುದುರುಗಳ ದೀಪಗಳನ್ನೂ ನೋಡಿ ಹೇಳಬೇಕೆಂದು ಅವಳನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ದ. ಅವಳು ಆಕಾಶಕ್ಕೇರಿದ್ದು ಅದೇ ಮೊದಲು. ಬಾರ್ಲಿ ರೊಟ್ಟಿಯ ಗಂಟನ್ನು ಮಡಿಲಲ್ಲಿ ಅವುಚಿಕೊಂಡು, ಅರ್ಧ ದಾರಿ ಕಣ್ಣು ಮುಚ್ಚಿಯೇ ಕೂತಿದ್ದಳಂತೆ. ಸಂಜೆ ಅವಳು ಇಳಿದಾಗ ಮ್ಯಾನ್ಸಿ ಬೇಲಿಯ ಬಳಿ ಕಾಯುತ್ತಿದ್ದ.

“ಹೇಗಿತ್ತೇ?” ಎಂದು ಕೇಳಿದ.

“ಎರಡೂ ಕಡೆ ಫಲಕ ಮಲಗಿಸಿಟ್ಟಿದಾರೆ ಕಣೋ,” ಎಂದಳು ಮೆರನ್. “ಕೆಲಸ ಬಹಳ ಇದೆ.”