ಮಿಸ್ತ್ರಿಯ ಹೆಬ್ಬೆರಳು

ಕೊಡೆ ಹಿಡಿದರೂ, ನೀರಿನ ಬಕೀಟು ಎತ್ತಿದರೂ ನಮ್ಮ ಎಂಜಿನ್ ಮಿಸ್ತ್ರಿಯ ಬಲ ಹೆಬ್ಬೆರಳು ಹಿಡಿಯನ್ನು ಸುತ್ತುತ್ತಿರಲಿಲ್ಲ. ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಮಲಗಿರುತ್ತಿತ್ತು. ಅದು ಎಣ್ಣೆ ಎಂಜಿನ್ ಕಲಿಸಿದ ರೂಢಿ. ಕೈಯಿಂದ ತಿರುಗಿಸಿ ಚಾಲೂ ಮಾಡುವಾಗ ಹ್ಯಾಂಡಲ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ, ಸುತ್ತಿಕೊಂಡ ಹೆಬ್ಬೆರಳು ಮುರಿಯುತ್ತದೆ. ನನಗೂ ಒಮ್ಮೆ ಹೇಳಿಕೊಟ್ಟಿದ್ದರು: “ಹೆಬ್ಬೆರಳು ಈಚೆ ಇಡ್ರಿ ಮುನಶಿಯವರ. ಅದು ಒದ್ರ, ಕೈ ತಾನ ಬಿಟ್ಟು ಬರಬೇಕು.” ಲೆಕ್ಕ ಬರೆಯುವವನಿಗೆ ಈ ವಿದ್ಯೆ ಯಾಕೆಂದು ನಾನು ನಕ್ಕಿದ್ದೆ.

ಅದು ನಲವತ್ತರ ದಶಕ, ನಿಜಾಮರ ಕಾಲ. ಮಾನ್ವಿಯವನಾದ ನಾನು ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಮುನಶಿಯಾಗಿದ್ದೆ. ಮಿಸ್ತ್ರಿ ದೇವದುರ್ಗದವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ. ಊರಿನ ಕರೆಂಟು ಬೇಕೆಂದಾಗ ಬಂದು ಬೇಡವೆಂದಾಗ ಹೋಗುವ ಅಳಿಯನಂತಿತ್ತು. ಹಾಗಾಗಿ ಮಿಲ್ಲಿನ ಮಾಲಕರಾದ ಸಾಹುಕಾರರು ಆಪತ್ತಿಗೊಂದು ಎಂಜಿನ್ ಇರಲಿ ಎಂದು ನಿರ್ಧರಿಸಿದರು. ಲಡಾಯಿಯ ದಿನಗಳು, ಹೊಸದು ಸಿಗುವಂತಿರಲಿಲ್ಲ. ಮಾರಾಟಕ್ಕಿದ್ದ ಎರಡು ಹಳೆಯವುಗಳಲ್ಲಿ ಸಾಹುಕಾರರ ಕಣ್ಣು ದೊಡ್ಡದರ ಮೇಲೆ ಬಿತ್ತು.

“ಕರೆಂಟ್ ಹೋದಾಗ ಯಾವ್ಯಾವು ನಡೀಲೇಬೇಕು, ಅಷ್ಟು ಹೇಳ್ರಿ,” ಎಂದರು ಮಿಸ್ತ್ರಿ.

“ನೀರಿನ ಪಂಪು. ನಾಕು ದೀಪ,” ಎಂದರು ಸಾಹುಕಾರರು.

“ಹಂಗಾರ ಸಣ್ಣದು ಸಾಕ್ರಿ. ದೊಡ್ಡದಕ್ಕ ಹೊರಿ ಕಮ್ಮಿ ಆದ್ರ ಎಣ್ಣಿ ಪೂರಾ ಸುಡಂಗಿಲ್ಲ. ಒಳಗ ಮಸಿ ಕಟ್ಟಿ ಕೆಡತದ.”

ಸಣ್ಣದೇ ಬಂತು. ಪ್ರತಿ ಸೋಮವಾರ ಅದಕ್ಕೆ ಪಂಪು ಜೋಡಿಸಿ ಅರ್ಧ ತಾಸು ಓಡಿಸುತ್ತಿದ್ದರು. “ಕರೆಂಟ್ ಬರ್ತದಲ್ಲ ಕಾಕಾ, ಇದಕ್ಯಾಕ ಸುಮ್ನ ಎಣ್ಣಿ ನೈವೇದ್ಯ?” ಎಂದು ನಾನು ಚುಡಾಯಿಸಿದರೆ ಸಿಟ್ಟಾಗುತ್ತಿರಲಿಲ್ಲ. “ಕುಂತ ಎಂಜಿನ್ ತನಗೇನಾಗ್ಯಾದ ಅಂತ ಹೇಳಂಗಿಲ್ಲ. ಓಡಿಸಿದ್ರನ ಗೊತ್ತಾಗೋದು,” ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಜಿಲ್ಲೆಯ ದೊಡ್ಡ ಸಾಹೇಬರು ಮಿಲ್ಲು ನೋಡಲು ಬರುವವರಿದ್ದರು. ಮಿಸ್ತ್ರಿ ರಜೆಯ ಮೇಲೆ ದೇವದುರ್ಗಕ್ಕೆ ಹೋಗಿದ್ದರು. ನಾನು ಬುದ್ಧಿವಂತಿಕೆ ಮೆರೆದೆ: ಎಂಜಿನ್ನಿಗೆ, ಅದರ ಎಣ್ಣೆಯ ಟಾಕಿಗೆ, ಟಾಕಿಯ ಮುಚ್ಚಳಕ್ಕೆ ಹಸಿರು ಬಣ್ಣ ಬಳಿಸಿದೆ. ಸೋಮವಾರ ಮರಳಿ ಬಂದ ಮಿಸ್ತ್ರಿ ಹ್ಯಾಂಡಲ್ಲಿಗೆ ಕೈ ಹಾಕಿದರು. “ಬಣ್ಣ ಹಸಿ ಅದ ಕಾಕಾ, ಸಾಹೇಬರು ನೋಡಿ ಹೋಗಲಿ. ಈ ವಾರ ಒಂದು ಬ್ಯಾಡ,” ಎಂದೆ. ಅವರು ಒಲ್ಲೆನೆಂದರು. ನಾನು ಸಾಹುಕಾರರ ಹೆಸರು ಹೇಳಿದೆ. ಹ್ಯಾಂಡಲ್ಲಿನಿಂದ ಕೈ ತೆಗೆದರು.

ಮರುದಿನ ಮಧ್ಯಾಹ್ನ ಅರಳೆಯ ರಾಶಿಗೆ ಬೆಂಕಿ ಬಿತ್ತು. ತಂತಿಗೆ ತಗುಲೀತೆಂದು ಕರೆಂಟು ತೆಗೆದರು. ಗೋದಾಮಿನೊಳಗೆ ಅರಳೆ ಆರಿಸುತ್ತಿದ್ದ ಮೂವರು ಹೆಂಗಸರು ಸಿಕ್ಕಿಬಿದ್ದಿದ್ದರು. ಅವರಲ್ಲೊಬ್ಬಳು ಮಿಸ್ತ್ರಿಯ ಮಗಳು. ಇದ್ದ ಒಂದೇ ಬಾಗಿಲು ಉರಿಯುತ್ತಿತ್ತು.

ಎಂಜಿನ್ ಎರಡನೆಯ ಸುತ್ತಿಗೇ ಚಾಲೂ ಆಯಿತು. ಬಾಗಿಲಿಗೆ ನೀರು ಬಿತ್ತು, ಉರಿ ತಗ್ಗಿತು, ಹಸಿ ಕಂಬಳಿ ಹೊದ್ದು ಇಬ್ಬರು ಒಳಗೆ ಹೋಗಲು ಮುಂದಾದರು. ಅಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಮಿಸ್ತ್ರಿ ಮತ್ತೆ ತಿರುಗಿಸಿದರು. ಓಡಿತು, ನಿಂತಿತು. ಒಳಗಿನ ಕೂಗು ನಮಗೆ ಕೇಳುತ್ತಿತ್ತು. ಮೂರನೆಯ ಸಲ ನಿಂತಾಗ ಅವರು ಟಾಕಿಯ ಮುಚ್ಚಳ ಎತ್ತಿದರು; ಪುಸ್ಸೆಂದು ಗಾಳಿ ಒಳಗೆ ಹೋಯಿತು. ಮುಚ್ಚಳ ತಿರುವಿ ಉಗುರಿನಿಂದ ಕೆರೆದರು. ನನ್ನ ಹಸಿರು ಬಣ್ಣದ ಕೆಳಗೆ ಸೂಜಿಯಷ್ಟು ತೂತು ಮುಚ್ಚಿಹೋಗಿತ್ತು.

“ಉಸಿರಾಡಾಕ ಇದೊಂದ ತೂತು ಇತ್ತು,” ಎಂದರು. ಎಣ್ಣೆ ಇಳಿದಂತೆ ಒಳಗೆ ಗಾಳಿ ಹೋಗದಿದ್ದರೆ ಎಣ್ಣೆಯೂ ಇಳಿಯುವುದಿಲ್ಲ. ಮುಚ್ಚಳ ಬಿಸಾಡಿ ತಿರುಗಿಸಿದರು. ಆಮೇಲೆ ಎಂಜಿನ್ ಸಂಜೆಯವರೆಗೂ ನಿಲ್ಲಲಿಲ್ಲ.

ಮೂವರನ್ನೂ ಹೊರಗೆ ತಂದರು. ಇಬ್ಬರು ಉಳಿದರು. ಮಿಸ್ತ್ರಿಯ ಮಗಳು ನಾಲ್ಕನೆಯ ದಿನ ದವಾಖಾನೆಯಲ್ಲಿ ತೀರಿಕೊಂಡಳು.

ಮಗಳ ಮಣ್ಣು ಮುಗಿಸಿ ಬಂದ ಮಿಸ್ತ್ರಿಯನ್ನು ಸಾಹುಕಾರರು ಎಲ್ಲರೆದುರು ಕೇಳಿದರು: ಎಂಜಿನ್ ಯಾಕೆ ನಿಂತಿತು? ನಾನು ಮೂರು ಮೊಳ ದೂರದಲ್ಲಿ ನಿಂತಿದ್ದೆ. ಮಿಸ್ತ್ರಿ ನನ್ನತ್ತ ನೋಡಲೇ ಇಲ್ಲ.

“ಮುಚ್ಚಳ ನೋಡೋದು ನನ್ನ ಕೆಲಸರಿ. ನಾ ನೋಡಲಿಲ್ಲ.”

ಅಂದೇ ಅವರ ಕೆಲಸ ಹೋಯಿತು. ನನಗೆ ನಾಲಿಗೆ ಇರಲಿಲ್ಲವೇ? ಇತ್ತು. ಹೆದರಿದ್ದೆ, ಅಷ್ಟೆ. ಆಮೇಲೆ ಎಂಜಿನ್ ಖೋಲಿಗೆ ಬೀಗ ಬಿತ್ತು. ಕೀಲಿ ನನ್ನ ಕಪಾಟಿನಲ್ಲಿತ್ತು.

ಮುಂದಿನ ವರ್ಷ, ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ದೇವದುರ್ಗಕ್ಕೆ ಹೋದೆ. ಮುಖ ನೋಡಲಾಗದೆ ನೆಲ ನೋಡಿಕೊಂಡು ಹೇಳಿದೆ: “ಕಾಕಾ, ಬಣ್ಣ ಹಚ್ಚಿಸಿದವ ನಾನು. ಸೋಮವಾರ ತಪ್ಪಿಸಿದವನೂ ನಾನ.”

“ಗೊತ್ತದ,” ಎಂದರು. ಆಮೇಲೆ ಕೇಳಿದರು: “ಸೋಮವಾರ ಸೋಮವಾರ ಓಡಸಾಕತ್ತೀರಲ್ಲ ಅದನ್ನ?”

“ಹೂಂ, ಕಾಕಾ.”

“ಅರ್ಧ ತಾಸು?”

“ಅರ್ಧ ತಾಸು.”

ಅಲ್ಲಿಯೂ ಸುಳ್ಳಾಡಿದೆ. ಸಾಯುವವರೆದುರು ನಿಜ ಹೇಳಲು ಹೋದವನು ಹಳೆಯ ಪಾಪ ಒಪ್ಪಿಕೊಂಡು ಹೊಸದೊಂದನ್ನು ಹೊತ್ತು ಬಂದೆ. ಅವರು ಅದೇ ವಾರ ತೀರಿಕೊಂಡರು.

ಸೋಮವಾರ ಬೆಳಿಗ್ಗೆ ಕೀಲಿ ತೆಗೆದುಕೊಂಡು ಹೋಗಿ ಖೋಲಿ ತೆರೆದೆ. ಮುಚ್ಚಳದ ತೂತಿನಲ್ಲಿ ಸೂಜಿ ಆಡಿಸಿ ನೋಡಿದೆ. ಟಾಕಿಗೆ ಎಣ್ಣೆ ಹಾಕಿ, ಹ್ಯಾಂಡಲ್ ಹಿಡಿದು ತಿರುಗಿಸಿದೆ. ವರ್ಷದಿಂದ ಕುಳಿತಿದ್ದ ಎಂಜಿನ್ ಮೈಯೆಲ್ಲ ನಡುಗುವಂತೆ ಹಿಂದಕ್ಕೆ ಒದೆಯಿತು. ಹೆಬ್ಬೆರಳು ಈಚೆ ಇತ್ತು. ಹ್ಯಾಂಡಲ್ ಕೈ ಬಿಟ್ಟು ಹೋಯಿತು. ನನಗೆ ಏನೂ ಆಗಲಿಲ್ಲ. ಗಾಯವಿಲ್ಲದ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತು ಅತ್ತೆ. ಆಮೇಲೆ ಎದ್ದು ಮತ್ತೆ ತಿರುಗಿಸಿದೆ.