ಬಾಣಂತಿ ಗೂಬೆಯ ವಿಳಾಸ

ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು ನಮಸ್ಕಾರ ಅನ್ನುವುದಿಲ್ಲ, "ಎತ್ಲಾಗ್ ಒಂಟ್ರಿ?" ಅನ್ನುತ್ತಾರೆ. ಪಾಂಡವಪುರದ ನನ್ನ ಮನೆಯಿಂದ ಬಸ್ ನಿಲ್ದಾಣ ಮುಟ್ಟುವುದರೊಳಗೆ ಈ ಪ್ರಶ್ನೆಗೆ ನಾಲ್ಕಾರು ಸಲವಾದರೂ ಉತ್ತರ ಕೊಡಬೇಕು. ಕೊಡದೆ ಹೋದವನಿಗೆ ಕೊಬ್ಬು ಎಂದು ಅರ್ಥ. ಇಂಥ ಊರಿನಲ್ಲಿ ಹುಟ್ಟಿ ನಾನು ಹಚ್ಚಿಕೊಂಡ ಹವ್ಯಾಸ ಹಕ್ಕಿ ನೋಡುವುದು, ಅದರಲ್ಲೂ ಗೂಬೆ ನೋಡುವುದು. ಗೂಬೆಯ ಜಾಗವನ್ನು ಯಾರಿಗೂ ಹೇಳಬಾರದು ಎಂಬುದು ನನ್ನ ಧರ್ಮ. ಧರ್ಮ ಉಳಿಯಬೇಕಾದರೆ ಸುಳ್ಳು ಹೇಳಬೇಕು. ಹೇಳುತ್ತೇನೆ, ಚೆನ್ನಾಗಿಯೇ ಹೇಳುತ್ತೇನೆ. ಈ ವಿಷಯದಲ್ಲಿ ನನಗೆ ಯಾವ ಅಳುಕೂ ಇಲ್ಲ.

ಹಕ್ಕಿ ನೋಡುವವರಲ್ಲಿ ಹಂಚಿಕೊಳ್ಳುವುದು ದೊಡ್ಡ ಗುಣ, ಒಪ್ಪುತ್ತೇನೆ. ಕೊಕ್ಕರೆ ಬಂದರೆ ಕೆರೆಯ ಹೆಸರು ಧಾರಾಳವಾಗಿ ಹೇಳಿ. ಜನ ಬಂದರೆ ಅದು ಆಚೆ ದಡಕ್ಕೆ ಹಾರುತ್ತದೆ. ಗೂಬೆ ಹಗಲಿಡೀ ಒಂದೇ ಕಡೆ ಕಣ್ಣು ಮುಚ್ಚಿ ಕೂರುವ ಜೀವ. ಅದರ ಜಾಗ ಹೇಳುವುದೆಂದರೆ ಮಲಗುವ ಕೋಣೆಯ ಚಿಲಕ ತೆಗೆದುಕೊಟ್ಟ ಹಾಗೆ. ಶೀಳನೆರೆ ಕಡೆಯ ಹುಣಸೆಮರದ ಪೊಟರೆಯೊಂದರಲ್ಲಿ ಹಾಲಕ್ಕಿ ಜೋಡಿ ಇತ್ತು. ಹಾಲಕ್ಕಿ ಎಂದರೆ ಪುಟ್ಟ ಗೂಬೆ. ಯಾರೋ ಪುಣ್ಯಾತ್ಮರು ನಮ್ಮ ಹಕ್ಕಿ ಗುಂಪಿನವರ ಮೊಬೈಲಿಗೆಲ್ಲ ಮರದ ಗುರುತು ಕಳಿಸಿದರು. ಭಾನುವಾರ ಮರದಡಿ ಕಾರುಗಳು ನಿಂತವು. ಒಬ್ಬರು ಮೊಬೈಲಿನಲ್ಲಿ ಗೂಬೆಯ ಕೂಗು ಹಾಕಿದರು, ಇನ್ನೊಬ್ಬರು ಕಣ್ಣು ಬಿಡಲಿ ಎಂದು ಕಲ್ಲು ಬೀರಿದರು. ಮುಂದಿನ ವಾರ ನಾನು ಹೋದಾಗ ಪೊಟರೆ ಖಾಲಿ. ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಿಧಿಯ ಆಸೆಗೆ ಗೂಬೆ ಹಿಡಿಯುವವರೂ ಇದ್ದಾರೆ, ಅವರ ಕೈಯಲ್ಲೂ ಮೊಬೈಲು ಇದೆ.

ನಮ್ಮ ಜನಕ್ಕೂ ಗೂಬೆಗೂ ಮೊದಲಿಂದ ಸರಿಯಿಲ್ಲ. ಅದು ಲಕ್ಷ್ಮಿಯ ವಾಹನ ಎಂದು ಪುರಾಣ ಬಲ್ಲವರು ಹೇಳುತ್ತಾರೆ. ಲಕ್ಷ್ಮಿ ಮನೆಗೆ ಬರಲಿ ಎಂದು ರಂಗೋಲಿ ಬಿಡುವ ನಾವು, ವಾಹನ ಮಾಡಿನ ಮೇಲೆ ಕೂತರೆ ಶಾಂತಿ ಮಾಡಿಸುತ್ತೇವೆ. ತಾಯಿ ನಡೆದೇ ಬರಬೇಕೇನೋ.

ಹೋದ ಚಳಿಗಾಲ ನಾಗಮಂಗಲದ ಕಡೆ ಬಂಡೆಯೊಂದರ ಸಂದಿನಲ್ಲಿ ಕೊಂಬಿನ ಗೂಬೆ ಎರಡು ಮರಿ ಮಾಡಿದ್ದು ಕಂಡೆ. (ನಾಗಮಂಗಲದ ಕಡೆ ಬಂಡೆ ಅನ್ನುವುದು ಮಂಡ್ಯದಲ್ಲಿ ಕಬ್ಬಿನ ಗದ್ದೆ ಅಂದಷ್ಟೇ ಸುಳಿವು, ಹುಡುಕಿಕೊಳ್ಳಿ.) ಪ್ರತಿ ಭಾನುವಾರ ಹೊರಡತೊಡಗಿದೆ. ಎತ್ತಲಾಗೆ ಎಂದವರಿಗೆಲ್ಲ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ದರ್ಶನಕ್ಕೆ ಎಂದೆ. ಸುದ್ದಿ ಶ್ರೀರಂಗಪಟ್ಟಣದ ನಮ್ಮಕ್ಕನಿಗೆ ಮುಟ್ಟಿತು. ತಮ್ಮನಿಗೆ ಕೊನೆಗೂ ಭಕ್ತಿ ಬಂತೆಂದು ಅವಳು ಶನಿವಾರವೇ ತೆಂಗಿನಕಾಯಿ ಕಳಿಸಿ ಪ್ರಸಾದ ಕೇಳತೊಡಗಿದಳು. ಹೀಗಾಗಿ ನಾಗಮಂಗಲಕ್ಕೆ ಹೋಗುವ ನಾನು ಗೋವಿಂದನಹಳ್ಳಿ ಇರುವ ಕೆ.ಆರ್. ಪೇಟೆ ಕಡೆ ಸುತ್ತಿ ಬರಬೇಕಾಯಿತು. ಐದು ಲಿಂಗಕ್ಕೂ ಕೈಮುಗಿದು, ಗೋಡೆಯ ಶಿಲ್ಪಗಳನ್ನು ಒಂದೊಂದಾಗಿ ನೋಡಿದೆ. ಗೂಬೆ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಕೆತ್ತಿದವರೂ ಜಾಗ ಗುಟ್ಟಾಗಿಟ್ಟಿರಬೇಕು.

ಕೆಡಿಸಿದ್ದು ನನ್ನ ಚಪಲವೇ. ಒಂದು ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಮರಿಗಳ ಫೋಟೋ ತೋರಿಸಿದೆ. ಪಕ್ಕದಿಂದ ಭಾವ ಬಗ್ಗಿ ನೋಡಿದರು. ಕೆ.ಆರ್.ಎಸ್.ನಲ್ಲಿ ನೀರಾವರಿ ಕೆಲಸದಿಂದ ನಿವೃತ್ತರಾದ ಮೇಲೆ ತಮ್ಮ ತೋಳಿಗಿಂತ ಉದ್ದದ ಕ್ಯಾಮೆರಾ ಕೊಂಡು ನಮ್ಮ ಗುಂಪು ಸೇರಿದವರು ಅವರು. ಎಲ್ಲಿ ಎಂದರು. ಆಮೇಲೆ ಹೇಳುತ್ತೇನೆ ಎಂದೆ. ಭಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ನಾನೇನ್ ಒರಗ್ನೋನೇನ್ಲಾ?"

ಭಾವ ಒಳ್ಳೆಯವರು. ಕಷ್ಟ ಇರುವುದೇ ಅಲ್ಲಿ; ಕೇಳಿದವರಿಗೆ ಇಲ್ಲ ಅನ್ನಲು ಅವರಿಗೆ ಬರುವುದಿಲ್ಲ. ಅವರಿಗೆ ಹೇಳಿದರೆ ಗುಂಪಿಗೆಲ್ಲ ಹೇಳಿದ ಹಾಗೆ. ಹೇಳದಿದ್ದರೆ ಬಾಮೈದ ಅವಮಾನ ಮಾಡಿದ ಎಂಬ ಮಾತು ವರ್ಷವಿಡೀ ಅಕ್ಕನ ಕಿವಿಗೆ ಬೀಳುತ್ತದೆ. ಸಾರಿನ ಸೌಟು ಹಿಡಿದು ನಿಂತ ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ಆಗ ಆ ಮನೆಯ ಬಾಗಿಲು ಕಂಡಿತು. ಅವರ ಮಗಳು ಹೆತ್ತಾಗ ಅದೇ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಭಾವ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಸುಗೂಸಿಗೆ ದೃಷ್ಟಿಯಾಗುತ್ತದೆ, ಹೆಸರಿಡುವ ದಿನ ಬನ್ನಿ ಎಂದು ನೆಂಟರನ್ನೆಲ್ಲ ವಾಪಸು ಕಳಿಸಿದ್ದರು. ಇಲ್ಲ ಅನ್ನಲು ಬಾರದ ಮನುಷ್ಯ ಜೀವನದಲ್ಲಿ ಇಲ್ಲ ಅಂದದ್ದು ಅದೊಂದೇ ಸಲ. ಸೋದರಮಾವನಾದ ನಾನೂ ತಂದ ಬಾಳೆಹಣ್ಣನ್ನು ಜಗುಲಿಯ ಮೇಲಿಟ್ಟು ಹಿಂದಿರುಗಿದ್ದೆ.

"ಭಾವ, ಅದು ಬಾಣಂತಿ ಮನೆ," ಎಂದೆ. "ಮರಿ ಆರಿ ಈಚ್ಗೆ ಬರ್ಲಿ. ನಿಮ್ಮುನ್ನ ನಾನೇ ಕರ್ಕೊಂಡೋಯ್ತೀನಿ."

ಭಾವ ಗಂಡುಗೂಬೆ ಜೊತೆಯಲ್ಲಿದೆಯೇ ಎಂದು ಕೇಳಿದರು. ಎದುರು ಬಂಡೆಯ ಮೇಲೆ ಕಾವಲು ಕೂತಿದೆ ಎಂದೆ.

"ಅಂಗಾರೆ ಸರಿ ಬುಡು," ಎಂದು ಮುದ್ದೆ ಮುರಿದರು.

ಅಂದಿನಿಂದ ನನ್ನ ಧರ್ಮಕ್ಕೆ ಒಂದು ತಿದ್ದುಪಡಿಯಾಗಿದೆ. ಹಕ್ಕಿಯ ಗುಟ್ಟು ನನ್ನ ಸ್ವತ್ತಲ್ಲ, ಹಕ್ಕಿಯದು. ಅದು ಮರಿ ಎಬ್ಬಿಸಿಕೊಂಡು ಹೊರಬರುವವರೆಗೆ ನಾನು ಜಗುಲಿಯ ಮೇಲಿನ ಕುರ್ಚಿ ಅಷ್ಟೆ. ಮರಿಗಳು ಹಾರಿದ ಮೇಲೆ ಭಾವನನ್ನು ಕರೆದೊಯ್ದೆ. ಅವರು ದೂರದಲ್ಲೇ ನಿಂತರು. ಮುಂದೆ ಹೋಗೋಣವೇ ಎಂದರೆ ಬೇಡ ಎಂದು ನನ್ನ ತೋಳು ಹಿಡಿದರು. ಅಲ್ಲಿಂದಲೇ ಅವರು ತೆಗೆದ ಫೋಟೋ ನೋಡಿದ ಗುಂಪಿನವರು ಫೋನಿನಲ್ಲಿ ಜಾಗ ಕೇಳಿದಾಗ, ಇಲ್ಲ ಅನ್ನಲು ಬಾರದ ಆ ಮನುಷ್ಯ ಗೋವಿಂದನಹಳ್ಳಿಗೆ ದರ್ಶನಕ್ಕೆ ಹೋಗಿದ್ದೆ ಎಂದರು. ನನಗಿಂತ ಚೆನ್ನಾಗಿ ಹೇಳಿದರು.

ಈ ಚಳಿಗಾಲವೂ ಗೂಬೆ ಅದೇ ಬಂಡೆಗೆ ಬಂದಿದೆ. ಮೊನ್ನೆ ಭಾನುವಾರ ಭಾವನನ್ನು ಕರೆದೊಯ್ಯಲು ಹೋದಾಗ, ಗೋವಿಂದನಹಳ್ಳಿಗೆ ಹೊರಟೆವು ಎಂದು ಇಬ್ಬರೂ ಅಕ್ಕನಿಗೆ ಒಂದೇ ಬಾಯಲ್ಲಿ ಹೇಳಿದೆವು. ಅವಳು ಚೀಲಕ್ಕೆ ಎರಡು ಕಾಯಿ ಹಾಕಿದಳು. ಎರಡು ಯಾಕೆ ಎಂದೆ.

"ಒಂದು ಈಸ್ವರನ್ಗೆ," ಎಂದಳು. "ಇನ್ನೊಂದು ಬಾಣಂತಿಗೆ ದೃಷ್ಟಿ ತಗ್ಯಕ್ಕೆ."