ನೌಕೆಗೊಬ್ಬ ನಲ್ಲಿ ರಿಪೇರಿಯವ
ನನ್ನ ಬಾಡಿಗೆ ಕೋಣೆಯ ನಲ್ಲಿ ಮೂರು ತಿಂಗಳಿಂದ ಸೋರುತ್ತಿದೆ. ರಿಪೇರಿಯವನನ್ನು ದಬಾಯಿಸೋಣವೆಂದರೆ ನಾನು ಆಫೀಸಿನ ಜವಾನನಿಗೂ ಹೆದರುವ ಗುಮಾಸ್ತ. ರಿಪೇರಿಗೆಂದು ಬರುವ ನಲ್ಲಿಯಣ್ಣ ಬಕೆಟ್ ಬೋರಲು ಹಾಕಿ ಕೂತು, ತಾನು ಓದುವ ಒಬ್ಬನೇ ಲೇಖಕನ ಹನ್ನೊಂದು ವೈಜ್ಞಾನಿಕ ಕಾದಂಬರಿಗಳನ್ನೂ ಜಾಲಾಡುತ್ತಾನೆ. “ನಾನೂರು ಜನರ ಆಕಾಶನೌಕೆಯಂತೆ, ಒಂದೇ ಕಕ್ಕಸಂತೆ! ಬೆಳಕಿಗಿಂತ ಜೋರಾಗಿ ಯಾಕೆ ಓಡ್ತಾರೆ ಅಂತ ಈಗ ಗೊತ್ತಾಯ್ತಾ, ತಮ್ಮಾ?” ನೌಕೆಗೊಬ್ಬ ನಲ್ಲಿ ರಿಪೇರಿಯವನನ್ನು ಹತ್ತಿಸಿ ಎಂದು ಪ್ರತಿ ಕಾದಂಬರಿ ಮುಗಿದಾಗಲೂ ಲೇಖಕನಿಗೆ ಪತ್ರ ಬರೆಯುತ್ತಾನೆ. ಒಂದಕ್ಕೂ ಉತ್ತರ ಬಂದಿಲ್ಲ. ಕಳೆದ ವಾರ ಹನ್ನೆರಡನೇ ಕಾದಂಬರಿ ಬಂತು. ಅದರಲ್ಲಿ ನಲ್ಲಿ ರಿಪೇರಿಯವನೊಬ್ಬ ನೌಕೆ ಹತ್ತಿದ್ದ. ಒಂಬತ್ತನೇ ಪುಟದಲ್ಲಿ ಸತ್ತೂ ಹೋಗಿದ್ದ. ನನ್ನ ಬಕೆಟ್ ಮೇಲೆ ಕೂತಿದ್ದವನಿಗೆ ಸಮಾಧಾನ ಹೇಳಲು ಹೋದೆ. “ಸಾಯಲಿ ಬಿಡು,” ಎಂದು ಮೂಗೊರೆಸಿಕೊಂಡ, “ಕೊನೇ ಪುಟದವರೆಗೂ ನೋಡಿದೆ, ಎಲ್ಲೂ ಒಂದು ಹನಿ ಸೋರಿಲ್ಲ.” ಆಮೇಲೆ ಎದ್ದು, ಮೊದಲ ಸಲ ನನ್ನ ನಲ್ಲಿಗೆ ಕೈ ಹಾಕಿದ.